ನೋ ಕ್ಲೇಮ್ ಬೋನಸ್‌ಗೆ ರಕ್ಷಣೆ ಬೇಕೇ? ನಮ್ಮ ಮನೆಯ ಎರಡು ಕಾರುಗಳ ಲೆಕ್ಕ

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ, ಎರಡೂ ನನ್ನ ಹೆಸರಿನಲ್ಲಿವೆ. 2018ರಲ್ಲಿ ಕೊಂಡ ದೊಡ್ಡ ಕಾರನ್ನು ನನ್ನ ಹೆಂಡತಿ ದಿನವೂ ಕಚೇರಿಗೆ ಒಯ್ಯುತ್ತಾರೆ. ರಾಜಾಜಿನಗರದ ನಮ್ಮ ಕಿರಿದಾದ ಅಡ್ಡರಸ್ತೆಯಲ್ಲಿ ಅದು ರಾತ್ರಿಯಿಡೀ ಬೀದಿಬದಿಯಲ್ಲೇ ನಿಲ್ಲುತ್ತದೆ. 2019ರ ಚಿಕ್ಕ ಕಾರು ಮನೆಯ ಕಾಂಪೌಂಡಿನೊಳಗೆ ನಿಲ್ಲುತ್ತದೆ, ವಾರಕ್ಕೊಮ್ಮೆ ಹೊರಗೆ ಬಂದರೆ ಹೆಚ್ಚು. ನೋ ಕ್ಲೇಮ್ ಬೋನಸ್ ಎಂದರೆ ವರ್ಷವಿಡೀ ವಿಮಾ ಪರಿಹಾರ (ಕ್ಲೇಮ್) ಕೇಳದಿದ್ದರೆ ಮುಂದಿನ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಕ್ಲೇಮ್ ಮಾಡಿದರೂ ಅದು ಕೈತಪ್ಪದಂತೆ ರಕ್ಷಿಸುವ ಆ್ಯಡ್-ಆನ್ ಅನ್ನು, ಅಂದರೆ ಹೆಚ್ಚುವರಿ ಹಣ ಕಟ್ಟಿ ಪಡೆಯುವ ಸೌಲಭ್ಯವನ್ನು, ಮೊದಲನೆಯದಕ್ಕೆ ಕೊಂಡೆ, ಎರಡನೆಯದಕ್ಕೆ ಕೊಳ್ಳಲಿಲ್ಲ. ಎರಡಕ್ಕೂ ಪೆಟ್ಟು ಬಿದ್ದದ್ದರಿಂದ ಈಗ ಹೋಲಿಸಿ ನೋಡಲು ಸಾಧ್ಯವಾಗಿದೆ.

ಮೊದಲಿಗೆ ಬೋನಸ್ಸಿನ ಮೆಟ್ಟಿಲುಗಳನ್ನು ನೆನಪಿಸಿಕೊಳ್ಳಬೇಕು. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇ. 20, ಆಮೇಲೆ ಕ್ರಮವಾಗಿ 25, 35, 45, ಐದು ವರ್ಷ ತುಂಬಿದ ಮೇಲೆ ಶೇ. 50. ಈ ರಿಯಾಯಿತಿ ಸಿಗುವುದು ನಮ್ಮ ಕಾರಿನ ಹಾನಿಗೆಂದು ಕಟ್ಟುವ ಓಡಿ ಪ್ರೀಮಿಯಂ ಮೇಲೆ ಮಾತ್ರ. ಬೇರೆಯವರಿಗೆ ಆಗುವ ಹಾನಿಗೆಂದು ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಂ ಮೇಲೆ ಒಂದು ಪೈಸೆಯೂ ಇಲ್ಲ. ಬೋನಸ್ ಇರುವುದು ಮಾಲೀಕನಿಗೆ, ಕಾರಿಗಲ್ಲ. ಹಾಗಾಗಿಯೇ ಹಳೆಯ ಕಾರನ್ನು ಮಾರಿದಾಗ ವಿಮಾ ಕಂಪನಿಯಿಂದ ಪತ್ರ ಪಡೆದು, ಗಳಿಸಿದ್ದ ಶೇ. 50 ಬೋನಸ್ಸನ್ನು 2018ರ ಕಾರಿಗೆ ವರ್ಗಾಯಿಸಿಕೊಂಡೆ. ಚಿಕ್ಕ ಕಾರು ಸೊನ್ನೆಯಿಂದಲೇ ಮೆಟ್ಟಿಲು ಹತ್ತಬೇಕಾಯಿತು.

ರಕ್ಷಣೆಯಿಲ್ಲದ ಚಿಕ್ಕ ಕಾರಿನ ಕಥೆ ಸರಳವಾದದ್ದು. 2022ರ ಜನವರಿಯಲ್ಲಿ ರಿವರ್ಸ್ ತೆಗೆಯುವಾಗ ಗೇಟಿನ ಕಂಬಕ್ಕೆ ತಾಗಿ ಹಿಂಬದಿಯ ಬಂಪರ್ ಸೀಳಿತು. ಅಧಿಕೃತ ವರ್ಕ್‌ಶಾಪಿನವರು 9,200 ರೂಪಾಯಿ ಅಂದಾಜು ಕೊಟ್ಟರು. ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಸವಕಳಿಯನ್ನೂ ಪ್ರತಿ ಕ್ಲೇಮ್‌ನಲ್ಲೂ ನಾವೇ ಭರಿಸಬೇಕಾದ 1,000 ರೂಪಾಯಿ ಕಡ್ಡಾಯ ಕಡಿತವನ್ನೂ ಕಳೆದರೆ ವಿಮೆಯಿಂದ ಸುಮಾರು 5,500 ರೂಪಾಯಿ ಬರಬಹುದಿತ್ತು. ಆಗ ನನ್ನ ಬೋನಸ್ ಶೇ. 25ರ ಮೆಟ್ಟಿಲಿನಲ್ಲಿತ್ತು. ಕ್ಲೇಮ್ ಮಾಡಿದ್ದರೆ ಅದು ಸೊನ್ನೆಗಿಳಿದು ಮತ್ತೆ ಶೇ. 50 ಮುಟ್ಟುವವರೆಗೆ, ಕ್ಲೇಮ್ ಮಾಡದಿದ್ದರೆ ಸಿಗುತ್ತಿದ್ದುದಕ್ಕೆ ಹೋಲಿಸಿದರೆ, ವರ್ಷವರ್ಷವೂ 35, 25, 25, 15, 5 ಎಂದು ಒಟ್ಟು ಶೇ. 105ರಷ್ಟು ರಿಯಾಯಿತಿ ಕಳೆದುಕೊಳ್ಳುತ್ತಿದ್ದೆ. 6,000 ರೂಪಾಯಿ ಓಡಿ ಪ್ರೀಮಿಯಂ ಮೇಲೆ, ಶೇ. 18 ಜಿಎಸ್‌ಟಿ ಸೇರಿಸಿ, ಇದು 7,434 ರೂಪಾಯಿ. ಕ್ಲೇಮ್ ಮಾಡಲಿಲ್ಲ. ಪರಿಚಯದ ಗ್ಯಾರೇಜಿನಲ್ಲಿ ಬಂಪರಿಗೆ ಬೆಸುಗೆ ಹಾಕಿಸಿ ಬಣ್ಣ ಹೊಡೆಸಿದ್ದಕ್ಕೆ 3,800 ರೂಪಾಯಿಯಲ್ಲಿ ಕೆಲಸ ಮುಗಿಯಿತು. ಹತ್ತಿರ ಬಗ್ಗಿ ನೋಡಿದರೆ ನಂಬರ್ ಪ್ಲೇಟಿನ ಎಡಗಡೆ ಗೆರೆಯೊಂದು ಈಗಲೂ ಕಾಣುತ್ತದೆ.

ದೊಡ್ಡ ಕಾರಿನ ಆ್ಯಡ್-ಆನ್‌ಗೆ ಜಿಎಸ್‌ಟಿ ಸೇರಿ ವರ್ಷಕ್ಕೆ 732 ರೂಪಾಯಿಯಂತೆ 2019ರಿಂದ ನಾಲ್ಕು ಬಾರಿ ಕಟ್ಟಿದ್ದೆ, ಅಂದರೆ 2,928 ರೂಪಾಯಿ. 2022ರ ಜುಲೈ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ಎಡಬದಿಯ ಎರಡೂ ಬಾಗಿಲುಗಳು ಮುಂದಿನಿಂದ ಹಿಂದಿನವರೆಗೆ ಕೆರೆದುಹೋಗಿದ್ದವು, ಹಿಂದಿನ ಬಾಗಿಲು ಒಳಕ್ಕೆ ಕುಸಿದಿತ್ತು. ಉಜ್ಜಿದ ಜಾಗದಲ್ಲಿ ಹಳದಿ ಬಣ್ಣ ಅಂಟಿತ್ತು. ಗಾಡಿ ಯಾವುದೆಂದು ಗೊತ್ತಾಗಲಿಲ್ಲ. ಬಿಲ್ 31,200 ರೂಪಾಯಿ ಆಯಿತು. ಸವಕಳಿ ಕಳೆಯದೆ ಪರಿಹಾರ ಕೊಡುವ ಝೀರೋ ಡೆಪ್ ಆ್ಯಡ್-ಆನ್ ಕೂಡ ಇದ್ದದ್ದರಿಂದ ಕಡ್ಡಾಯ ಕಡಿತ ಮತ್ತು ಚಿಲ್ಲರೆ ಖರ್ಚು ಬಿಟ್ಟು ಸುಮಾರು 29,500 ರೂಪಾಯಿಯನ್ನು ಕಂಪನಿ ಕೊಟ್ಟಿತು, ಬೋನಸ್ ಶೇ. 50ರಲ್ಲೇ ಉಳಿಯಿತು.

ಆದರೆ ಮುಂದಿನ ನವೀಕರಣದ ಕೊಟೇಶನ್ ನೋಡಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಐಡಿವಿ, ಅಂದರೆ ವಿಮೆಗೆ ಲೆಕ್ಕ ಹಿಡಿಯುವ ಕಾರಿನ ಬೆಲೆ, ಇಳಿದಿರುವುದರಿಂದ ಬೋನಸ್ ಕಳೆಯುವ ಮೊದಲಿನ ಓಡಿ ಪ್ರೀಮಿಯಂ 9,000ದಿಂದ 8,500ರ ಆಸುಪಾಸಿಗೆ ಬರಬೇಕಿತ್ತು, ಬಂದದ್ದು 10,600. ಹಿಂದೆ ಕಂಪನಿ ತಾನಾಗಿ ಕೊಡುತ್ತಿದ್ದ ಇನ್ನೊಂದು ರಿಯಾಯಿತಿಯನ್ನು ಕ್ಲೇಮ್ ಆದ ಮೇಲೆ ಕಡಿಮೆ ಮಾಡಿದ್ದರು. ಶೇ. 50 ಭದ್ರವಾಗಿತ್ತು, ಆದರೆ ಯಾವುದರ ಮೇಲಿನ ಶೇ. 50 ಎಂಬುದು ಬದಲಾಗಿತ್ತು. ಆ್ಯಡ್-ಆನ್ ಮಾರುವವರು ಈ ಮಾತನ್ನು ಮೊದಲೇ ಬಿಡಿಸಿ ಹೇಳಬೇಕು, ನನಗೆ ಯಾರೂ ಹೇಳಿರಲಿಲ್ಲ. ಬೇರೆ ಕಂಪನಿಗೆ ಹೋಗೋಣವೆಂದರೆ, ಈ ರಕ್ಷಣೆ ತಮ್ಮಲ್ಲೇ ನವೀಕರಿಸಿದರೆ ಮಾತ್ರ ಸಲ್ಲುತ್ತದೆ ಎಂಬ ಷರತ್ತು ನನ್ನ ಪಾಲಿಸಿಯಲ್ಲಿತ್ತು. ಕ್ಲೇಮ್ ಆಗಿದ್ದನ್ನು ಮುಚ್ಚಿಟ್ಟು ಹೊಸ ಕಂಪನಿಯಲ್ಲಿ ಬೋನಸ್ ಕೇಳುವುದು ಸುಳ್ಳು ಘೋಷಣೆಯಾಗುತ್ತದೆ; ಮುಂದೆ ನಿಜವಾದ ಅಪಘಾತವಾದಾಗ ಕ್ಲೇಮ್ ತಿರಸ್ಕೃತವಾಗಲು ಅಷ್ಟೇ ಸಾಕು.

ಇಷ್ಟಾದರೂ ಲೆಕ್ಕ ರಕ್ಷಣೆಯ ಕಡೆಗೇ ವಾಲಿತು. ಆ ಒಂದು ನವೀಕರಣದಲ್ಲೇ, ಆ್ಯಡ್-ಆನ್ ಇಲ್ಲದಿದ್ದರೆ 10,600 ಪೂರ್ತಿ ಕಟ್ಟಬೇಕಿತ್ತು. ಇದ್ದದ್ದರಿಂದ 5,300 ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ 6,254 ರೂಪಾಯಿ ಉಳಿಯಿತು, ಅಂದರೆ ನಾಲ್ಕು ವರ್ಷ ಕಟ್ಟಿದ್ದರ ಎರಡು ಪಟ್ಟಿಗಿಂತ ಹೆಚ್ಚು. ಶೇ. 50ರಿಂದ ಸೊನ್ನೆಗೆ ಬಿದ್ದವರು ಮತ್ತೆ ಅಲ್ಲಿಗೆ ಏರುವಷ್ಟರಲ್ಲಿ 50, 30, 25, 15, 5 ಎಂದು ಒಟ್ಟು ಶೇ. 125 ಕಳೆದುಕೊಳ್ಳುತ್ತಾರೆ. ಕೆಳಗಿನ ಮೆಟ್ಟಿಲಿನಲ್ಲಿರುವವರಿಗೆ ಇಷ್ಟು ಲಾಭವಿಲ್ಲ, ಏಕೆಂದರೆ ನನ್ನ ಆ್ಯಡ್-ಆನ್ ಕ್ಲೇಮ್ ಆದ ವರ್ಷ ಇದ್ದ ಮೆಟ್ಟಿಲನ್ನು ಉಳಿಸುತ್ತದೆಯೇ ಹೊರತು ಮುಂದಿನದಕ್ಕೆ ಏರಿಸುವುದಿಲ್ಲ. ಚಿಕ್ಕ ಕಾರಿಗೆ ಶೇ. 25ರಲ್ಲಿ ರಕ್ಷಣೆ ಇದ್ದು ಕ್ಲೇಮ್ ಮಾಡಿದ್ದರೆ, ಕಳೆದುಕೊಳ್ಳುತ್ತಿದ್ದ ಶೇ. 105ರಲ್ಲಿ ಉಳಿಯುತ್ತಿದ್ದುದು 25, 15, 20, 15, 5 ಎಂದು ಶೇ. 80 ಮಾತ್ರ. 4,000 ರೂಪಾಯಿಯ ಗ್ಯಾರೇಜ್ ಕೆಲಸಗಳನ್ನು ಕೈಯಿಂದಲೇ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ನನ್ನಂಥವರಿಗೆ ಆ ಹಂತದಲ್ಲಿ ಅದು ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ.

ಚಿಕ್ಕ ಕಾರು 2024ರಲ್ಲಿ ಶೇ. 50 ಮುಟ್ಟಿತು. ಅಷ್ಟರಲ್ಲಿ ಅದರ ಓಡಿ ಪ್ರೀಮಿಯಂ 4,800ಕ್ಕೆ ಇಳಿದಿತ್ತು, ಶೇ. 125 ಎಂದರೆ ಜಿಎಸ್‌ಟಿ ಸೇರಿ 7,080 ರೂಪಾಯಿ, ಆ್ಯಡ್-ಆನ್ ದರ 566. ಹನ್ನೆರಡು ಹದಿಮೂರು ವರ್ಷಕ್ಕೊಮ್ಮೆಯಾದರೂ ಕ್ಲೇಮ್ ಆದರಷ್ಟೇ ಹಾಕಿದ ದುಡ್ಡು ಹುಟ್ಟುತ್ತದೆ, ಕಾಂಪೌಂಡಿನೊಳಗಿನ ಕಾರಿಗೆ ಬೇಡವೆಂದು ಬಿಡಬಹುದಿತ್ತು. ಆದರೆ ಅದೇ ತಿಂಗಳು ಮಗಳಿಗೆ ಲೈಸೆನ್ಸ್ ಬಂತು, ಕಾಲೇಜಿಗೆ ಆ ಕಾರನ್ನೇ ಒಯ್ಯಲು ಶುರುಮಾಡಿದಳು. 566 ರೂಪಾಯಿ ಕಟ್ಟಿದೆ.