ಡಬ್ಲ್ಯೂ ಪ್ರೈಮ್ ಬ್ಯಾಲೆನ್ಸ್: ನಂದಿ ಏರಿಗೆ ಸೈ, ಬ್ರೆವೆಗೆ ಬೇಡ

ನನ್ನ ಸೈಕಲ್ ಕಂಪ್ಯೂಟರಿನ ಪರದೆಯಿಂದ ವೇಗದ ಅಂಕಿಯನ್ನು ತೆಗೆದುಹಾಕಿ ಆ ಜಾಗದಲ್ಲಿ ಡಬ್ಲ್ಯೂ ಪ್ರೈಮ್ ಬ್ಯಾಲೆನ್ಸ್ ಇಟ್ಟುಕೊಂಡು ಕೆಲವು ವರ್ಷಗಳೇ ಆದವು. ಕಾಲಿನಲ್ಲಿ ಇನ್ನೆಷ್ಟು ಕಸುವು ಉಳಿದಿದೆ ಎಂದು ಶೇಕಡಾ ಲೆಕ್ಕದಲ್ಲಿ ತೋರಿಸುವ ಅಂಕಿ ಇದು. ತುಳಿತದ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಪವರ್ ಮೀಟರ್ ಕೊಂಡ ಗೆಳೆಯರು 'ಇದನ್ನು ಹಾಕಿಕೊಳ್ಳಲಾ?' ಎಂದು ಕೇಳುತ್ತಲೇ ಇರುತ್ತಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಅಂಕಿ ಕೆಳಗಿಳಿಯುವಾಗ ನಂಬುತ್ತೇನೆ, ಮತ್ತೆ ಮೇಲೇರುವಾಗ ಅನುಮಾನದಿಂದಲೇ ನೋಡುತ್ತೇನೆ.

ಇದರ ಬುಡ ಹಳೆಯದು. ಸುಸ್ತಾಗಿ ನಿಲ್ಲುವವರೆಗೆ ಮಾಡಿದ ಒಟ್ಟು ಕೆಲಸಕ್ಕೂ ಅದಕ್ಕೆ ಹಿಡಿದ ಸಮಯಕ್ಕೂ ನೇರ ಗೆರೆಯ ಸಂಬಂಧ ಇದೆ ಎಂದು ಮೊನೊ ಮತ್ತು ಶೆರೆರ್ ಎಂಬ ಸಂಶೋಧಕರು 1965ರಲ್ಲೇ ತೋರಿಸಿದ್ದರು. ಆ ಗೆರೆಯ ಇಳಿಜಾರು ಕ್ರಿಟಿಕಲ್ ಪವರ್, ಅಂದರೆ ಸಿಪಿ. ಅದಕ್ಕಿಂತ ಕೆಳಗೆ ತುಳಿದರೆ ಬಹಳ ಹೊತ್ತು ಎಳೆಯಬಹುದು. ಮೇಲೆ ಹೋದರೆ ಒಂದು ಸೀಮಿತ ಗಂಟು ಕರಗಲು ಶುರು. ಆ ಗಂಟಿಗೇ ಡಬ್ಲ್ಯೂ ಪ್ರೈಮ್ ಎಂದು ಹೆಸರು, ಅಳತೆ ಜೂಲ್‌ನಲ್ಲಿ. ಅದರಲ್ಲಿ ಉಳಿದದ್ದೇ ಬ್ಯಾಲೆನ್ಸ್. ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಂಡರೆ ಸಾಕು: ಮೋಟಾರ್ ಎತ್ತುವಷ್ಟೇ ನೀರು ಬಳಸಿದರೆ ಟ್ಯಾಂಕ್ ಹಾಗೇ ಇರುತ್ತದೆ, ನಾಲ್ಕೂ ನಲ್ಲಿ ಒಟ್ಟಿಗೆ ಬಿಟ್ಟರೆ ಖಾಲಿಯಾಗುತ್ತದೆ.

ನಿಮ್ಮ ಸಿಪಿ ಎಷ್ಟು, ಗಂಟು ಎಷ್ಟು ಎಂದು ಕಂಡುಕೊಳ್ಳಲು ಲ್ಯಾಬ್ ಬೇಡ. ಮೂರು ನಿಮಿಷ ಜೀವ ಹೋಗುವಷ್ಟು ತುಳಿಯಬೇಕು, ಚೆನ್ನಾಗಿ ಸುಧಾರಿಸಿಕೊಂಡು, ಸಾಧ್ಯವಾದರೆ ಇನ್ನೊಂದು ದಿನ, ಹನ್ನೆರಡು ನಿಮಿಷ ಅದೇ ರೀತಿ ತುಳಿಯಬೇಕು. ಮೂರು ನಿಮಿಷಕ್ಕೆ ಸರಾಸರಿ 300 ವ್ಯಾಟ್ ಬಂತು ಅನ್ನಿ. 180 ಸೆಕೆಂಡಿಗೆ 54,000 ಜೂಲ್. ಹನ್ನೆರಡು ನಿಮಿಷಕ್ಕೆ 232 ವ್ಯಾಟ್ ಬಂದರೆ 720 ಸೆಕೆಂಡಿಗೆ 1,67,040 ಜೂಲ್. ಎರಡರ ವ್ಯತ್ಯಾಸವನ್ನು 540 ಸೆಕೆಂಡಿನಿಂದ ಭಾಗಿಸಿದರೆ ಸಿಪಿ ಸುಮಾರು 209 ವ್ಯಾಟ್. ಮೂರು ನಿಮಿಷದ 54,000ದಲ್ಲಿ ಸಿಪಿಯ ಪಾಲು ಕಳೆದರೆ ಉಳಿದ ಗಂಟು 16,300 ಜೂಲ್ ಆಸುಪಾಸು. ನನ್ನಂಥ ವಾರಾಂತ್ಯದ ಸವಾರನಿಗೆ ಇದು ಮಾಮೂಲಿ ಅಂಕಿ. ಬೆಂಗಳೂರಿನಲ್ಲಿ ಸಿಗ್ನಲ್, ಹಂಪ್, ಬಿಎಂಟಿಸಿ ಬಸ್ಸು ಯಾವುದೂ ಅಡ್ಡ ಬರದ ಹನ್ನೆರಡು ನಿಮಿಷದ ರಸ್ತೆ ಹುಡುಕುವುದೇ ಪರೀಕ್ಷೆಗಿಂತ ದೊಡ್ಡ ಪರೀಕ್ಷೆ, ಅದು ಬೇರೆ ಮಾತು. ಮನೆಯಲ್ಲಿ ಸೈಕಲನ್ನು ನಿಂತಲ್ಲೇ ತುಳಿಯಲು ಬಿಡುವ ಟ್ರೈನರ್ ಮೇಲೆ ಮಾಡಬಹುದು, ಆದರೆ ಒಳ್ಳೆಯ ಫ್ಯಾನ್ ಇಲ್ಲದಿದ್ದರೆ ಸೆಕೆಗೇ ಅಂಕಿ ಕುಸಿದು ಕೂರುತ್ತದೆ.

ಈಗ ನಂದಿ ಬೆಟ್ಟ. ನಮ್ಮೂರಿನ ಸೈಕಲ್ ಸವಾರರಿಗೆ ಅದೇ ಅಳತೆಗೋಲು. ಬುಡದಿಂದ ಏಳೆಂಟು ಕಿಲೋಮೀಟರ್ ಏರು, ನೆತ್ತಿಯ ಎತ್ತರ 1,478 ಮೀಟರ್. ಅರ್ಧ ಗಂಟೆಯಲ್ಲಿ ಹತ್ತುವವರು ಅಂದುಕೊಳ್ಳಿ. ಮೇಲಿನ ಲೆಕ್ಕದ ಸವಾರನಿಗೆ 16,300 ಜೂಲನ್ನು 1,800 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಬರುವುದು ಒಂಬತ್ತು ಜೂಲ್, ಅಂದರೆ ಒಂಬತ್ತು ವ್ಯಾಟ್. ಬರೀ ಒಂಬತ್ತು! ಅಂದರೆ ಇಡೀ ಏರಿಗೆ ಅವನ ಕೈಯಲ್ಲಿರುವುದು 218 ವ್ಯಾಟ್. ಈ ಒಂದು ಭಾಗಾಕಾರ ನನಗೆ ಕೊಟ್ಟಷ್ಟು ಬುದ್ಧಿಯನ್ನು ಪರದೆಯ ಮೇಲಿನ ಯಾವ ಬಣ್ಣದ ಪಟ್ಟಿಯೂ ಕೊಟ್ಟಿಲ್ಲ. ಭಾನುವಾರ ಬೆಳಿಗ್ಗೆ ಗುಂಪಿನಲ್ಲಿ ಹತ್ತಲು ಶುರು ಮಾಡಿದಾಗ ಎಲ್ಲರ ಕಾಲೂ ತಾಜಾ, ಗಾಳಿ ತಣ್ಣಗೆ, ಮುಂದಿನವರ ಚಕ್ರ ಬಿಡಲು ಮನಸ್ಸು ಬರುವುದಿಲ್ಲ. ಮೊದಲ ಐದು ನಿಮಿಷ 250 ವ್ಯಾಟ್‌ನಲ್ಲಿ ಹೋದರೂ 'ಏನೂ ಅನ್ನಿಸಲೇ ಇಲ್ಲ' ಅನ್ನುತ್ತೇವೆ. ಅಷ್ಟರಲ್ಲಿ 41 ವ್ಯಾಟ್ ಇಂಟು 300 ಸೆಕೆಂಡ್, 12,300 ಜೂಲ್ ಹೋಗಿಯಾಗಿದೆ. ಗಂಟಿನ ಮುಕ್ಕಾಲು ಭಾಗ, ಬೆಟ್ಟದ ಆರನೇ ಒಂದು ಭಾಗಕ್ಕೆ.

ಡಬ್ಲ್ಯೂ ಪ್ರೈಮ್ ಬ್ಯಾಲೆನ್ಸ್ ತನ್ನ ಸಂಬಳ ದುಡಿಯುವುದು ಇಲ್ಲಿಯೇ. ಉಸಿರು ಇನ್ನೂ ಸರಾಗವಾಗಿದೆ, ಹೃದಯ ಬಡಿತ ಇನ್ನೂ ಏರುತ್ತಿದೆ, ತೊಡೆಯಲ್ಲಿ ಉರಿ ಇಲ್ಲ, ಆದರೆ ಪರದೆಯ ಅಂಕಿ ಮಾತ್ರ 80, 70, 60 ಎಂದು ಜಾರುತ್ತಿರುತ್ತದೆ. ಹೃದಯ ಬಡಿತಕ್ಕೆ ಸುದ್ದಿ ಮುಟ್ಟುವುದು ತಡ, ತೊಡೆಗೆ ಇನ್ನೂ ತಡ. ಅಂಕಿಗೆ ಆ ಕ್ಷಣವೇ ಗೊತ್ತು. ಮೊದಲೆರಡು ಕಿಲೋಮೀಟರಿನಲ್ಲಿ 70ರ ಕೆಳಗೆ ಇಳಿದರೆ ಗುಂಪು ಬಿಟ್ಟುಬಿಡುವುದು ಎಂಬ ನಿಯಮ ಮಾಡಿಕೊಂಡಿದ್ದೇನೆ. ಆಗ 'ಏನಪ್ಪಾ, ಇವತ್ತು ತಿಂಡಿ ತಿಂದಿಲ್ವಾ?' ಅನ್ನುವವರನ್ನು ಕೊನೆಯ ತಿರುವುಗಳ ಹತ್ತಿರ, ಕೋತಿಗಳು ಕೂತಿರುವ ಕಟ್ಟೆಯ ಪಕ್ಕ, ಸಾಮಾನ್ಯವಾಗಿ ಮತ್ತೆ ಕಾಣುತ್ತೇನೆ. ಹಲ್ಲು ಕಚ್ಚಿಕೊಂಡು ಅತಿ ಸಣ್ಣ ಗೇರಿನಲ್ಲಿ, ಸೂರ್ಯೋದಯ ನೋಡಲು ಬಂದ ಕಾರುಗಳ ಹೊಗೆ ಕುಡಿಯುತ್ತಾ ತುಳಿಯುತ್ತಿರುತ್ತಾರೆ.

ಹಾಗಂತ ಇಡೀ ಏರನ್ನು 218ರಲ್ಲೇ ಅಂಟಿಸಿಕೊಂಡು ಹತ್ತಬೇಕೆಂದಲ್ಲ. ಗಂಟನ್ನು ಎಲ್ಲಿ ಖರ್ಚು ಮಾಡುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸಮತಟ್ಟಿನಲ್ಲಿ ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ವೇಗ ಹತ್ತು ಪರ್ಸೆಂಟ್ ಹೆಚ್ಚಾಗಬೇಕಾದರೆ ಶಕ್ತಿ ಸುಮಾರು ಮೂವತ್ಮೂರು ಪರ್ಸೆಂಟ್ ಹೆಚ್ಚು ಬೇಕು. ಕಡಿದಾದ ಏರಿನಲ್ಲಿ ಹೋರಾಟ ಬಹುಪಾಲು ತೂಕದ ಜೊತೆ, ಅಲ್ಲಿ ಹತ್ತು ಪರ್ಸೆಂಟ್ ಹೆಚ್ಚು ತುಳಿದರೆ ಹೆಚ್ಚುಕಮ್ಮಿ ಹತ್ತು ಪರ್ಸೆಂಟ್ ವೇಗ ಸಿಗುತ್ತದೆ. ಹಾಗಾಗಿ ನಂದಿಯ ಕೊನೆಯ ಕಡಿದಾದ ಭಾಗಕ್ಕೆ ಉಳಿಸಿಟ್ಟ ಜೂಲ್‌ಗೆ ಬೆಲೆ ಹೆಚ್ಚು. ದೇವನಹಳ್ಳಿ ಹೈವೇಯಲ್ಲಿ ಲಾರಿಯ ಹಿಂದೆ ಬೀಳಲು ಹೋಗಿ ಸುಟ್ಟ ಜೂಲ್‌ಗೆ ಬೆಲೆಯೇ ಇಲ್ಲ. ಅದು ಅಪಾಯ ಕೂಡ.

ಇನ್ನು ಅಂಕಿ ಮೇಲೇರುವ ಕಥೆ. ಸಿಪಿಗಿಂತ ಕೆಳಗೆ ಬಂದಾಗ ಗಂಟು ಹೇಗೆ ತುಂಬಿಕೊಳ್ಳುತ್ತದೆ ಎನ್ನುವುದಕ್ಕೆ 2012ರಲ್ಲಿ ಫಿಲಿಪ್ ಸ್ಕೀಬಾ ಮತ್ತು ಸಂಗಡಿಗರು ಒಂದು ಸೂತ್ರ ಕೊಟ್ಟರು. ಎಷ್ಟು ಕೆಳಗೆ ಇಳಿದು ತುಳಿಯುತ್ತೀರೋ ಅಷ್ಟು ಬೇಗ ತುಂಬುತ್ತದೆ ಎನ್ನುವುದು ಅದರ ಸಾರ. ಸಿಪಿಗಿಂತ 100 ವ್ಯಾಟ್ ಕೆಳಗೆ ಹೋದರೂ ಕಳೆದುಕೊಂಡದ್ದರಲ್ಲಿ ಅರ್ಧ ವಾಪಸ್ ಬರಲು ಆ ಸೂತ್ರದ ಪ್ರಕಾರ ಆರು ನಿಮಿಷ ಬೇಕು. ಏರಿನ ಮಧ್ಯೆ ಸ್ವಲ್ಪ ಸಡಿಲವಾದ ಜಾಗ ಸಿಕ್ಕಿತೆಂದು ಒಂದು ನಿಮಿಷ 180 ವ್ಯಾಟ್‌ಗೆ ಇಳಿದರೆ ಸಿಗುವುದು ಸುಮಾರು ಸಾವಿರ ಜೂಲ್ ಚಿಲ್ಲರೆ. ಅದೂ ಕಾಗದದ ಮೇಲೆ. ಬೇರೆ ಬೇರೆ ಆ್ಯಪ್‌ಗಳು ಬೇರೆ ಬೇರೆ ರೂಪದ ಸೂತ್ರ ಬಳಸುತ್ತವೆ. ಗೋಲ್ಡನ್ ಚೀಟಾ ಎಂಬ ತಂತ್ರಾಂಶದಲ್ಲಿ ಎರಡು ಬಗೆಯ ಲೆಕ್ಕವೂ ಇದೆ, ಒಂದೇ ಸವಾರಿಯ ಫೈಲ್ ಹಾಕಿ ಎರಡರಲ್ಲೂ ನೋಡಿ, ಚೇತರಿಕೆಯ ಲೆಕ್ಕ ಬೇರೆಯಾದ್ದರಿಂದ ಗೆರೆಗಳ ದಾರಿಯೂ ಬೇರೆಯಾಗುತ್ತದೆ. ಆಸ್ಟ್ರೇಲಿಯಾದ ಗಣ್ಯ ಟ್ರ್ಯಾಕ್ ಸವಾರರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಸ್ಕೀಬಾ ಸೂತ್ರಕ್ಕಿಂತ ಬೇಗ ಚೇತರಿಸಿಕೊಳ್ಳುವುದು ಕಂಡುಬಂತು. ಚೇತರಿಕೆ ಒಬ್ಬೊಬ್ಬರದು ಒಂದೊಂದು ಥರ. ಪರದೆಗೆ ನಿಮ್ಮ ಜಾತಕ ಗೊತ್ತಿಲ್ಲ. ಅದಕ್ಕೇ ಇಳಿಜಾರಿನ ನಂತರ 90 ಎಂದು ತೋರಿಸಿದರೆ ನಾನು ಮನಸ್ಸಿನಲ್ಲಿ 75 ಎಂದೇ ಓದಿಕೊಳ್ಳುತ್ತೇನೆ.

ಕೊಳ್ಳುವ ಮೊದಲು ತಿಳಿದಿರಬೇಕಾದ ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಪವರ್ ಮೀಟರುಗಳು ಸಾಮಾನ್ಯವಾಗಿ ಹೇಳಿಕೊಳ್ಳುವ ನಿಖರತೆ ಒಂದರಿಂದ ಎರಡು ಪರ್ಸೆಂಟ್ ಆಚೀಚೆ. ಕೇಳಲು ಚೆನ್ನಾಗಿದೆ. 209 ವ್ಯಾಟ್‌ನ ಎರಡು ಪರ್ಸೆಂಟ್ ಎಂದರೆ ನಾಲ್ಕು ವ್ಯಾಟ್. ಅರ್ಧ ಗಂಟೆಯ ಏರಿನಲ್ಲಿ ನಿಮ್ಮ ಹೆಚ್ಚುವರಿ ಕೈಗಾಸೇ ಒಂಬತ್ತು ವ್ಯಾಟ್! ಮೀಟರ್ ನಾಲ್ಕು ವ್ಯಾಟ್ ಸುಳ್ಳು ಹೇಳಿದರೆ ಕೊನೆಗೆ 7,000 ಜೂಲ್‌ಗಿಂತ ಹೆಚ್ಚು ಲೆಕ್ಕ ತಪ್ಪಿರುತ್ತದೆ, ಗಂಟಿನ ಅರ್ಧಕ್ಕೆ ಸಮೀಪ. ಎಡ ಕ್ರ್ಯಾಂಕಿನಲ್ಲಿ (ಪೆಡಲ್ ಕೂರುವ ತೋಳಿನಲ್ಲಿ) ಮಾತ್ರ ಅಳೆಯುವ ಅಗ್ಗದ ಮೀಟರ್ ಆದರೆ ಕಥೆ ಇನ್ನೂ ಚೆನ್ನ: ಅದು ಎಡಗಾಲಿನ ಅಂಕಿಯನ್ನು ಎರಡರಿಂದ ಗುಣಿಸುತ್ತದೆ ಅಷ್ಟೇ. ದಣಿದಾಗ ಬಲಗಾಲಿನ ಮೇಲೆ ಭಾರ ಹಾಕುವ ಅಭ್ಯಾಸವಿದ್ದರೆ ಏರಿನ ಕೊನೆಯಲ್ಲಿ ಕಾಣುವ ಅಂಕಿ ಹಾರಿಕೆಯ ಉತ್ತರ. ನನ್ನದೂ ಎಡ ಕ್ರ್ಯಾಂಕಿನದೇ, ಅದರಲ್ಲೇ ಸಂಸಾರ ಸಾಗಿದೆ. ಒಂದೇ ಉಪಾಯವೆಂದರೆ ಪರೀಕ್ಷೆಯನ್ನೂ ಅದೇ ಮೀಟರಿನಲ್ಲಿ ಮಾಡುವುದು ಮತ್ತು ಪ್ರತಿ ಸವಾರಿಗೆ ಮೊದಲು ಝೀರೋ ಆಫ್‌ಸೆಟ್ ಮಾಡುವುದು, ಅಂದರೆ ತುಳಿಯದಿರುವಾಗಿನ ಓದನ್ನು ಸೊನ್ನೆಗೆ ಹೊಂದಿಸುವುದು. ಬೆಳಿಗ್ಗೆ ಮನೆಯೊಳಗೆ ಮಾಡಬೇಡಿ, ಹೊರಗೆ ಸೈಕಲ್ ಹತ್ತು ನಿಮಿಷ ತಣ್ಣಗಾದ ಮೇಲೆ ಮಾಡಿ. ತಾಪಮಾನ ಬದಲಾದರೆ ಕೆಲವು ಮೀಟರುಗಳ ಓದು ಕದಲುತ್ತದೆ.

ಅಂಕಿ ಸೊನ್ನೆಗಿಂತ ಕೆಳಗೆ ಹೋಗಿ ಮೈನಸ್ ತೋರಿಸಿದರೆ ಹಿಗ್ಗಬೇಡಿ. ಇಲ್ಲದ ಗಂಟನ್ನು ಖರ್ಚು ಮಾಡಲು ಯಾರಿಗೂ ಆಗುವುದಿಲ್ಲ. ನೀವು ತುಂಬಿದ ಸಿಪಿಯೋ ಗಂಟಿನ ಅಂಕಿಯೋ ತಪ್ಪಿದೆ ಅಥವಾ ಹಳತಾಗಿದೆ ಎಂದು ಸಾಮಾನ್ಯವಾಗಿ ಅರ್ಥ, ಮತ್ತೆ ಪರೀಕ್ಷೆ ಮಾಡಿ. ನಾನು ಒಂದೂವರೆ ಎರಡು ತಿಂಗಳಿಗೊಮ್ಮೆ ಮಾಡುತ್ತೇನೆ, ಜ್ವರ ಬಂದು ಬಿಟ್ಟ ಮೇಲೆ ತಪ್ಪದೆ ಮಾಡುತ್ತೇನೆ.

ಘಟ್ಟದ ಕೆಳಗಿನಿಂದ ಹತ್ತುವಾಗ ಇದರ ಬಂಡವಾಳ ಬಯಲಾಗುತ್ತದೆ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹಿಮ್ಮುರಿ ತಿರುವು. ಏಪ್ರಿಲ್ ತಿಂಗಳ ಕರಾವಳಿ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಹೆಲ್ಮೆಟ್ ಪಟ್ಟಿಯಿಂದ ಗಲ್ಲಕ್ಕೆ ತೊಟ್ಟಿಕ್ಕುತ್ತದೆ. ಅಂಕಿ 60 ತೋರಿಸುತ್ತಿತ್ತು, ನಾನು ಮರದ ನೆರಳಿನಲ್ಲಿ ಕಾಲೂರಿ ನಿಂತಿದ್ದೆ. ಅದು ನೋಡುವುದು ವ್ಯಾಟ್ ಮಾತ್ರ. ಸೆಕೆ, ನಿದ್ದೆಗೆಟ್ಟ ರಾತ್ರಿ, ಹಿಂದಿನ ಮೂರು ಗಂಟೆಯ ಸವಾರಿ ಯಾವುದೂ ಅದರ ಲೆಕ್ಕಕ್ಕಿಲ್ಲ. ಎರಡು ಗಂಟೆ ಗಟ್ಟಿಯಾಗಿ ತುಳಿದ ಮೇಲೆ ಸಿಪಿಯೇ ಇಳಿಯುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ, ನಡುವೆ ಕಾರ್ಬೊಹೈಡ್ರೇಟ್ ಸೇವಿಸುತ್ತಿದ್ದರೆ ಆ ಇಳಿತ ಕಡಿಮೆ. ಪರದೆಯಲ್ಲಿ ಮಾತ್ರ ಬೆಳಿಗ್ಗೆ ಆರು ಗಂಟೆಯ ಸಿಪಿ ಮಧ್ಯಾಹ್ನದವರೆಗೂ ಹಾಗೇ ಕೂತಿರುತ್ತದೆ.

ಬ್ರೆವೆಗಂತೂ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ಬಹುದೂರದ ಸವಾರಿಗೆ, ಇದು ಬರೀ ಅಲಂಕಾರ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ ನಲವತ್ತು ಗಂಟೆ ಕೊಡುವ ಸವಾರಿಯಲ್ಲಿ ಸಿಪಿಯ ಹತ್ತಿರ ಹೋಗುವವರು ಯಾರು? ಇಡೀ ದಿನ 100 ಎಂದೇ ತೋರಿಸುತ್ತದೆ, ಅತ್ತ ನಿಮ್ಮ ಹೊಟ್ಟೆ ಖಾಲಿ, ಕಣ್ಣು ಮಂಜು. ಅಲ್ಲಿ ಬೇಕಾದದ್ದು ಗಂಟೆಗೊಮ್ಮೆ ಬಾಳೆಹಣ್ಣೋ ಚಿಕ್ಕಿಯೋ ತಿನ್ನಲು ನೆನಪಿಸುವ ಅಲಾರಂ. ಅಂಥ ಸವಾರಿಗೆ ಪರದೆಯನ್ನೇ ಬದಲಿಸಿ ದೂರ, ಸಮಯ, ಮುಂದಿನ ಕಂಟ್ರೋಲ್ (ದಾರಿಯಲ್ಲಿ ಹಾಜರಿ ಹಾಕಿಸುವ ಜಾಗ) ಇಷ್ಟೇ ಇಟ್ಟುಕೊಳ್ಳುತ್ತೇನೆ.

ಪರ್ಯಾಯಗಳ ಬಗ್ಗೆ ಎರಡು ಮಾತು. ಗಾರ್ಮಿನ್ 2022ರಲ್ಲಿ ಎಡ್ಜ್ 1040 ಸೈಕಲ್ ಕಂಪ್ಯೂಟರಿಗೆ ತಂದ ಸ್ಟ್ಯಾಮಿನಾ ಹೃದಯ ಬಡಿತವನ್ನೂ ಸೇರಿಸಿಕೊಂಡು ಎರಡು ಅಂಕಿ ತೋರಿಸುತ್ತದೆ: ಈ ಕ್ಷಣದ್ದು ಒಂದು, ದಿನದ ಒಟ್ಟು ಉಳಿಕೆ ಇನ್ನೊಂದು. ದೀರ್ಘ ಸವಾರಿಗೆ ಅದು ಹೆಚ್ಚು ಹೊಂದುತ್ತದೆ, ಆದರೆ ಒಳಗೆ ಏನು ಲೆಕ್ಕ ನಡೆಯುತ್ತಿದೆ ಎಂದು ನಮಗೆ ಕಾಣುವುದಿಲ್ಲ. ಎಕ್ಸರ್ಟ್ ಎಂಬುದು 'ಈಗ ಗರಿಷ್ಠ ಎಷ್ಟು ವ್ಯಾಟ್ ತೆಗೆಯಬಲ್ಲಿರಿ' ಎಂದು ಹೇಳುತ್ತದೆ, ಸ್ಪ್ರಿಂಟ್ ಪ್ರಿಯರಿಗೆ ಅದು ಇಷ್ಟವಾಗಬಹುದು. ಕಾಸು ಖರ್ಚಿಲ್ಲದೆ ನೋಡಬೇಕೆಂದರೆ ಇಂಟರ್ವಲ್ಸ್ ಐಸಿಯು ತಾಣಕ್ಕೆ ನಿಮ್ಮ ಹಳೆಯ ಸವಾರಿಯ ಫೈಲ್ ಏರಿಸಿ, ಅಲ್ಲೇ ಡಬ್ಲ್ಯೂ ಪ್ರೈಮ್ ಗೆರೆ ಸಿಗುತ್ತದೆ. ಒಂದು ತಿಂಗಳು ಸವಾರಿ ಮುಗಿದ ಮೇಲೆ ಮನೆಯಲ್ಲಿ ಕೂತು ಆ ಗೆರೆ ಓದಿ, 'ಇಲ್ಲಿ ಉಸಿರು ಕಟ್ಟಿತ್ತು, ಗೆರೆ ಎಲ್ಲಿತ್ತು?' ಎಂದು ತಾಳೆ ನೋಡಿದ ಮೇಲೆ ಪರದೆಗೆ ಹಾಕಿಕೊಂಡರೆ ಒಳ್ಳೆಯದು.

ಗುಂಪಿನಲ್ಲಿ ಒಬ್ಬರ ಅಂಕಿಯನ್ನು ಇನ್ನೊಬ್ಬರ ಜೊತೆ ಹೋಲಿಸುವ ಚಟ ಮಾತ್ರ ಬೇಡ. ನಮ್ಮಲ್ಲೊಬ್ಬರು ಹಿಂದೆ ಕಾಲೇಜಿನಲ್ಲಿ ನೂರು ಮೀಟರ್ ಓಡುತ್ತಿದ್ದವರು. ಅವರ ಗಂಟು ನನ್ನದಕ್ಕಿಂತ ಎಷ್ಟೋ ದೊಡ್ಡದು, ಸಿಪಿ ನನಗಿಂತ ಕಡಿಮೆ. ಇಬ್ಬರ ಪರದೆಯಲ್ಲೂ 50 ಇದ್ದರೆ ಅವರು ಇನ್ನೂ ಎರಡು ಸಲ ಎದ್ದು ನಿಂತು ಹೊಡೆಯಬಲ್ಲರು, ನನಗೆ ಒಂದೇ ಸಲ. ಆದರೆ ಅರ್ಧ ಗಂಟೆಯ ಏರಿನಲ್ಲಿ ಗಂಟಿಗಿಂತ ಸಿಪಿಯ ಕೈ ಮೇಲು. ಹಾಗಾಗಿ ಚಿಕ್ಕಬಳ್ಳಾಪುರದ ಕಡೆಯ ಸಣ್ಣ ಸಣ್ಣ ದಿಬ್ಬಗಳ ರಸ್ತೆಯಲ್ಲಿ ಅವರು ಮುಂದೆ, ನಾನು ಅವರ ಚಕ್ರದ ಹಿಂದೆ, ನಂದಿ ಬುಡ ಬಂದ ಮೇಲೆ ಜಾಗ ಅದಲುಬದಲು.