ನಾದಿರ್ ಶಾಹನ ಅಶ್ರಫಿ ಅಂತ ಯಾರಾದರೂ ತೋರಿಸಿದರೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ದುಬೈಯಲ್ಲಿ ಕೆಲಸಕ್ಕಿರುವ ನಾನು ಕಳೆದ ರಂಜಾನಿನಲ್ಲಿ ಹಳೇ ಸಾಮಾನಿನ ವ್ಯಾಪಾರಿಯೊಬ್ಬರಿಂದ ಪರ್ಷಿಯಾದ ಅಶ್ರಫಿ ಎಂಬ ಚಿನ್ನದ ನಾಣ್ಯವೊಂದನ್ನು ಆರು ಸಾವಿರ ದಿರ್ಹಮ್ ಕೊಟ್ಟು ತಗೊಂಡೆ. ಅದು ನಕಲಿ.

ನಾನು ಮರುಳಾದದ್ದು ಅದರ ಮೇಲಿನ ಬರಹಕ್ಕೆ. 1736ರ ಮಾರ್ಚ್‌ನಲ್ಲಿ ಮುಘಾನ್ ಬಯಲಿನಲ್ಲಿ ನಾದಿರ್ ಶಾಹ ಪರ್ಷಿಯಾದ ಪಟ್ಟಕ್ಕೇರಿದಾಗ ಅಲ್ಲಿನ ಸಫವಿ ರಾಜವಂಶದ ಇನ್ನೂರು ಚಿಲ್ಲರೆ ವರ್ಷಗಳ ಆಳ್ವಿಕೆ ಮುಗಿಯಿತು. ಆಗ ಹೊಡೆದ ನಾಣ್ಯಗಳಲ್ಲಿ ‘ಅಲ್ ಖೈರ್ ಫೀ ಮಾ ವಕಅ’ ಎಂದಿದೆ, ನಡೆದದ್ದರಲ್ಲಿ ಒಳಿತಿದೆ ಅಂತ. ಅರಬ್ಬಿಯ ಒಂದೊಂದು ಅಕ್ಷರಕ್ಕೂ ಅಬ್ಜದ್ ಎಂಬ ಲೆಕ್ಕದಲ್ಲಿ ಒಂದೊಂದು ಸಂಖ್ಯೆಯ ಬೆಲೆಯಿದೆ; ಆ ಬೆಲೆಗಳನ್ನು ಕೂಡಿದರೆ 1148, ಪಟ್ಟವಾದ ಹಿಜರಿ ವರ್ಷ. ಆಗದವರು ಮೊದಲೆರಡು ಅಕ್ಷರ ಅದಲುಬದಲು ಮಾಡಿ ‘ಲಾ ಖೈರ್’, ಒಳಿತೇ ಇಲ್ಲ, ಎಂದು ಆಡಿಕೊಂಡರಂತೆ. ಆಗಲೂ ಮೊತ್ತ 1148! ವ್ಯಾಪಾರಿ ಅಂಗೈಯಲ್ಲಿ ನಾಣ್ಯ ಇಟ್ಟುಕೊಂಡು ಒಂದೊಂದೇ ಅಕ್ಷರ ತೋರಿಸಿ ಇದನ್ನೆಲ್ಲ ಹೇಳಿದರು. ಕತೆಯೇನೋ ನಿಜವೇ.

ತೂಕ ಹಾಕಿಸಿದೆ, ಸುಮಾರು ಮೂರೂವರೆ ಗ್ರಾಂ, ಅಶ್ರಫಿಗೆ ಸರಿಯಾದ ತೂಕ. ಪರಿಚಯದ ಅಕ್ಕಸಾಲಿಗರು ಒರೆಗೆ ಹಚ್ಚಿ ಅಪ್ಪಟ ಚಿನ್ನ ಅಂದರು. ನಾನು ಎಡವಿದ್ದು ಇಲ್ಲೇ. ಒರೆಗಲ್ಲು ಲೋಹವನ್ನು ಹೇಳುತ್ತೆ, ಕಾಲವನ್ನು ಹೇಳಲ್ಲ. ಚಿನ್ನದ ಬೆಲೆಯ ಹಲವು ಪಟ್ಟು ಸಿಗುವಾಗ ನಕಲಿ ಮಾಡುವವರು ಒಳ್ಳೇ ಚಿನ್ನವನ್ನೇ ಹಾಕುತ್ತಾರೆ.

ಎರಡು ತಿಂಗಳ ಮೇಲೆ ಅದೇ ವ್ಯಾಪಾರಿ ವಾಟ್ಸಾಪಿನಲ್ಲಿ ಇನ್ನೊಂದು ಅಶ್ರಫಿಯ ಫೋಟೊ ಹಾಕಿದರು. ‘ವಕಅ’ದ ಪಕ್ಕ, ಅಂಚಿನಲ್ಲಿ, ಜೀರಿಗೆ ಕಾಳಿನಷ್ಟು ಸೀಳು. ನನ್ನದನ್ನು ತೆಗೆದು ನೋಡಿದೆ. ಅದೇ ಸೀಳು, ಅದೇ ಜಾಗ, ಅದೇ ಓರೆ. ಎದೆ ಧಸಕ್ಕೆಂದಿತು. ಆ ಕಾಲದ ನಾಣ್ಯಗಳನ್ನು ಒಂದೊಂದಾಗಿ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಅಚ್ಚು ಒಂದೇ ಆದರೂ ಬಿಲ್ಲೆಯ ಆಕಾರ, ಏಟು ಬಿದ್ದ ಜಾಗ, ಅಂಚಿನ ಸೀಳು ಎಲ್ಲವೂ ಎರಡರಲ್ಲಿ ಒಂದೇ ಥರ ಬರುವ ಮಾತೇ ಇಲ್ಲ. ಭೂತಗನ್ನಡಿ ಹಿಡಿದಾಗ ಅಕ್ಷರಗಳ ಬುಡದಲ್ಲಿ ಸೂಜಿಮೊನೆಯಂಥ ತೂತುಗಳು ಕಂಡವು, ಎರಕದ ಗುರುತು. ಸುತ್ತ ಅಂಚಿಗೆ ಅರ ಹಾಕಿ ಉಜ್ಜಿದ ಗೆರೆಗಳು.

ದುಡ್ಡು ವಾಪಸ್ ಕೇಳಿದ್ದಕ್ಕೆ “ಚಿನ್ನ ಚಿನ್ನವೇ ತಾನೆ?” ಅಂದರು, ಆಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದರು. ರಸೀದಿ ತೆಗೆದರೆ ಅದರಲ್ಲಿ ಬರೀ ‘ಚಿನ್ನದ ಬಿಲ್ಲೆ’ ಅಂತಿದೆ. ಕೊಳ್ಳುವಾಗ ಓದಿರಲಿಲ್ಲ.

ದಯವಿಟ್ಟು ರಾಜನ ಹೆಸರು, ಟಂಕಸಾಲೆ, ವರ್ಷ, ನಕಲಿಯಾದರೆ ಹಣ ವಾಪಸ್ ಎಂಬ ಮಾತು, ಇಷ್ಟನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ನಾಣ್ಯ ಅಸಲಿಯೇ ಎಂದು ಪರೀಕ್ಷಿಸಿ ನಂಬರ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಕೊಡುವ ಎನ್‌ಜಿಸಿ, ಪಿಸಿಜಿಎಸ್‌ನಂಥ ಕಂಪನಿಗಳ ಡಬ್ಬಿಯಲ್ಲಿದ್ದರೆ ಆ ನಂಬರನ್ನು ಅವರ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ‘ವಕಅ’ದ ಪಕ್ಕ ಸೀಳಿರುವ ಅಶ್ರಫಿ ನಿಮ್ಮಲ್ಲೂ ಇದ್ದರೆ ಫೋಟೊ ಕಳಿಸಿ, ನನ್ನದರ ಜೊತೆ ಇಟ್ಟು ನೋಡೋಣ.