ಪಾಟರಿ ಟೌನ್‌ನ 4 ಇಂಚಿನ ಮಣ್ಣಿನ ಕುಂಡ: ಒಂದು ವರ್ಷದ ಬಳಕೆಯ ನಂತರ

ಕಳೆದ ವರ್ಷ ಜೂನ್‌ನಲ್ಲಿ ಬೆಂಗಳೂರಿನ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ಗೆ ಹೋಗಿ, ಕುಂಬಾರರ ಮನೆಯೊಂದರ ಮುಂದೆ ಜೋಡಿಸಿಟ್ಟಿದ್ದ 4 ಇಂಚಿನ ಮಣ್ಣಿನ ಕುಂಡಗಳಲ್ಲಿ ಎರಡನ್ನು ಆರಿಸಿ, ತಟ್ಟೆಗಳೂ ಸೇರಿ 120 ರೂಪಾಯಿಗೆ ತಂದೆ. ಮನೆಯೊಳಗೆ ಸಕ್ಯುಲೆಂಟ್, ಅಂದರೆ ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ಬೆಳೆಸುವವರಿಗೆ ಇದಕ್ಕಿಂತ ಒಳ್ಳೆಯ ಕುಂಡವನ್ನು ನಾನು ಈವರೆಗೆ ಕಂಡಿಲ್ಲ.

ಕುಂಡ ಹುಡುಕಿಕೊಂಡು ಹೋಗಲು ಕಾರಣವಾದದ್ದು ಹಾವರ್ಥಿಯಾ ಎಂಬ ಒಂದು ಸಕ್ಯುಲೆಂಟ್. ಕಡುಹಸಿರು ಎಲೆಯ ಮೇಲೆ ಬಿಳಿಯ ಅಡ್ಡಪಟ್ಟೆಗಳಿರುವ, ದಕ್ಷಿಣ ಆಫ್ರಿಕಾ ಮೂಲದ ಈ ಪುಟ್ಟ ಗಿಡವನ್ನು ಅಂಗಡಿಯೊಂದರಲ್ಲಿ ಹೊಳಪಿನ ಪಿಂಗಾಣಿ ಬಟ್ಟಲಿನ ಸಮೇತ ಕೊಂಡಿದ್ದೆ. ಬಟ್ಟಲಿನ ತಳದಲ್ಲಿ ತೂತೇ ಇರಲಿಲ್ಲ. ವಾರಕ್ಕೆರಡು ಸಲ ನೀರು ಹಾಕಿ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ಹಾಗೆಯೇ ಮಾಡಿದೆ. ಎರಡೇ ತಿಂಗಳಲ್ಲಿ ಕೆಳಗಿನ ಎಲೆಗಳು ಬೆಂದ ಈರುಳ್ಳಿಯ ಪದರದಂತೆ ಮೆತ್ತಗಾದವು. ಗಿಡವನ್ನು ಎಬ್ಬಿಸಿ ನೋಡಿದಾಗ ಬೇರುಗಳು ಕಂದುಬಣ್ಣಕ್ಕೆ ತಿರುಗಿದ್ದವು, ಬೆರಳಲ್ಲಿ ಹಿಡಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಕೊಳೆತದ್ದನ್ನೆಲ್ಲ ಕತ್ತರಿಸಿ, ನಾಲ್ಕು ದಿನ ನೆರಳಿನಲ್ಲಿ ಹಾಗೆಯೇ ಒಣಗಲು ಬಿಟ್ಟು, ಗಾಯ ಮಾಯ್ದ ಮೇಲೆ ಈ ಮಣ್ಣಿನ ಕುಂಡಕ್ಕೆ ನೆಟ್ಟೆ.

ಹೆಚ್ಚಿನ ಗಿಡಗಳು ಎಲೆಯ ರಂಧ್ರಗಳನ್ನು ಹಗಲಲ್ಲಿ ತೆರೆದರೆ, ಹಾವರ್ಥಿಯಾದಂಥ ಗಿಡಗಳು ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ಹಾಗಾಗಿ ಅವು ಕಳೆದುಕೊಳ್ಳುವ ನೀರು ಬಹಳ ಕಡಿಮೆ, ಮಣ್ಣಿನಿಂದ ಹೀರುವುದೂ ಕಡಿಮೆ. ಉಳಿದ ತೇವ ಬೇರೆ ದಾರಿಯಿಂದ ಹೋಗಬೇಕು. ಬೇಸಿಗೆಯಲ್ಲಿ ಮಡಕೆಯ ನೀರನ್ನು ತಣ್ಣಗಿಡುವ ಸೂಕ್ಷ್ಮ ರಂಧ್ರಗಳೇ ಇಲ್ಲಿ ಕುಂಡದ ಸುತ್ತಲಿನಿಂದ ಆ ತೇವವನ್ನು ಹೊರಗೆ ಬಿಡುತ್ತವೆ. ಬಣ್ಣ ಬಳಿದ ಕುಂಡಗಳೂ ಅಲ್ಲಿ ಸಿಗುತ್ತವೆ, ಆದರೆ ಬಣ್ಣವು ಈ ರಂಧ್ರಗಳನ್ನೇ ಮುಚ್ಚುವುದರಿಂದ ಅವನ್ನು ಕೊಳ್ಳಬೇಡಿ.

ಕುಂಡವೊಂದೇ ಸಾಲದು, ಮಣ್ಣೂ ಸಡಿಲವಾಗಿರಬೇಕು. ನಾನು ಒಂದು ಪಾಲು ಕೆಮ್ಮಣ್ಣು, ಅರ್ಧ ಪಾಲು ಕಾಂಪೋಸ್ಟ್, ಎರಡು ಪಾಲು ದಪ್ಪ ಮರಳು ಬೆರೆಸಿದೆ. ನೀರು ಯಾವಾಗ ಹಾಕಬೇಕೆಂಬುದನ್ನು ಕುಂಡವೇ ತಿಳಿಸುತ್ತದೆ: ಬೆರಳಿನಿಂದ ತಟ್ಟಿದರೆ ಒಳಗೆ ಒಣಗಿದ್ದಾಗ ಠಣ್ ಎನ್ನುತ್ತದೆ, ತೇವವಿದ್ದಾಗ ದಪ್ ಎಂದು ಮಂದವಾಗಿ ಕೇಳುತ್ತದೆ. ಅನುಮಾನ ಬಂದರೆ ಪೊರಕೆ ಕಡ್ಡಿಯೊಂದನ್ನು ತಳದವರೆಗೆ ಚುಚ್ಚಿ ತೆಗೆಯುತ್ತೇನೆ, ಮಣ್ಣು ಅಂಟಿದ್ದರೆ ಆ ದಿನ ನೀರಿಲ್ಲ. ಪೂರ್ವದ ಕಿಟಕಿಯ ಬಳಿ ಇಟ್ಟಿರುವ ನನ್ನ ಗಿಡಕ್ಕೆ ಏಪ್ರಿಲ್‌ನಲ್ಲಿ ಎಂಟು ದಿನಕ್ಕೊಮ್ಮೆ ನೀರು ಬೇಕಾಯಿತು. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ, ಮಳೆ ಇರುವುದರಿಂದ ಆ ತಿಂಗಳುಗಳಲ್ಲಿ ಮೂರು ವಾರಕ್ಕೊಮ್ಮೆ ಹಾಕಿದರೂ ಸಾಕಾಯಿತು. ಹಾಕುವಾಗ ಮಾತ್ರ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುತ್ತೇನೆ.

ಕೊರತೆಗಳೂ ಇವೆ. ಒಂದು ಕುಂಡದ ತೂತು ಪೆನ್ಸಿಲ್ ಮೊನೆಯಷ್ಟೇ ಇತ್ತು, ಅದನ್ನು ದುಂಡು ಅರದಿಂದ ಉಜ್ಜಿ ಅಗಲಿಸಿಕೊಳ್ಳಬೇಕಾಯಿತು. ತಟ್ಟೆಯೂ ಸುಟ್ಟ ಮಣ್ಣಿನದೇ ಆದ್ದರಿಂದ ತೇವ ಇಳಿದು ಮರದ ಮೇಜಿನ ಮೇಲೆ ವೃತ್ತಾಕಾರದ ಕಲೆ ಉಳಿಯಿತು, ಈಗ ಅಡಿಯಲ್ಲಿ ಹಳೆಯ ಸ್ಟೀಲ್ ತಟ್ಟೆ ಇಟ್ಟಿದ್ದೇನೆ. ನಮ್ಮ ಬೋರ್‌ವೆಲ್ ನೀರಿನ ಗಡಸಿನಿಂದ ಹೊರಮೈಯಲ್ಲಿ ಬಿಳಿಯ ಉಪ್ಪು ಕಟ್ಟುತ್ತದೆ, ಅದು ತೆಂಗಿನ ನಾರಿನಿಂದ ತಿಕ್ಕಿದರೆ ಹೋಗುತ್ತದೆ.

ಗಿಡದ ಬುಡದಲ್ಲಿ ಈಗ ಮೂರು ಮರಿಗಳಿವೆ. ಅವಕ್ಕಾಗಿ ಆಗಸ್ಟ್‌ನಲ್ಲಿ ಮತ್ತೆ ಹೋದಾಗ ಅಂಗಳದ ತುಂಬ ಗಣಪತಿ ಮೂರ್ತಿಗಳಿದ್ದವು, ಸಣ್ಣ ಕುಂಡ ಒಂದೂ ಸಿಗಲಿಲ್ಲ. ಕೊಳ್ಳುವವರು ಹಬ್ಬ ಕಳೆದ ಮೇಲೆ ಹೋಗಿ, ಪ್ರತಿ ಕುಂಡವನ್ನೂ ಬೆಳಕಿಗೆ ಹಿಡಿದು ತೂತು ನೋಡಿ ಆರಿಸಿಕೊಳ್ಳಿ.